ಪದಚರ್ಚೆ: ಎಂಡೆಮಿಕ್‌ಗೆ ‘ಸ್ಥಳೀಯ’ ಎಂದರೆ ಸಾಕೇ?

ಪ್ರಶ್ನೆ: ಸೇಶೆಲ್ಸ್ ದ್ವೀಪಗಳ ಸರೀಸೃಪ, ಉಭಯವಾಸಿಗಳ ಪಟ್ಟಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೇಟಿವ್, ಎಂಡೆಮಿಕ್ ಎರಡಕ್ಕೂ ‘ಸ್ಥಳೀಯ’ ಎಂದು ಬರೆಯುವ ರೂಢಿಯಿದೆ. ಇಲ್ಲಿ ನಡೆದೀತೇ? ಹಾವಿನಂತೆ ಕಾಣುವ, ಕಾಲಿಲ್ಲದ ಉಭಯವಾಸಿ ಸಿಸಿಲಿಯನ್‌ಗೆ ‘ಕುರುಡು ಹಾವು’ ಎನ್ನಬಹುದೇ?

ಉತ್ತರ: ದ್ವೀಪಗಳ ಪಟ್ಟಿಯಲ್ಲಿ ನಡೆಯದು. ಹಸಿರು ಕಡಲಾಮೆ ಸೇಶೆಲ್ಸ್‌ನಲ್ಲಿ ಮೊಟ್ಟೆಯಿಡುತ್ತದೆ, ಬೇರೆ ಎಷ್ಟೋ ದೇಶಗಳ ತೀರದಲ್ಲೂ ಇಡುತ್ತದೆ. ಸೂಗ್ಲಾಸಸ್ ಕಪ್ಪೆ ಅಲ್ಲಿ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಎರಡಕ್ಕೂ ‘ಸ್ಥಳೀಯ’ ಎಂದರೆ ಆ ಪಟ್ಟಿಯ ಮುಖ್ಯ ಮಾಹಿತಿಯೇ ಅಳಿಸಿಹೋಗುತ್ತದೆ. ನೇಟಿವ್‌ಗೆ ‘ಸ್ಥಳೀಯ’ ಇರಲಿ. ಎಂಡೆಮಿಕ್‌ಗೆ ‘ಸ್ಥಾನಿಕ’ ಎನ್ನುವವರಿದ್ದಾರೆ, ಆದರೆ ಸಾಮಾನ್ಯ ಓದುಗರಿಗೆ ಅದೂ ‘ಸ್ಥಳೀಯ’ದಂತೆಯೇ ಕೇಳಿಸುತ್ತದೆ. ‘ಇಂಥಲ್ಲಿಗೆ ಸೀಮಿತ’ ಎಂದು ಬಿಡಿಸಿ ಬರೆಯುವುದೇ ಮೇಲು.

ಹಾಗೆ ಬರೆದರೆ ಇನ್ನೊಂದು ಲಾಭವಿದೆ: ಎಲ್ಲಿಗೆ ಸೀಮಿತ ಎಂದು ಹೇಳಲೇಬೇಕಾಗುತ್ತದೆ. ಸೆಚೆಲೋಫ್ರೈನ್ ಪೈಪಿಲೋಡ್ರಯಾಸ್ ಎಂಬ ಪುಟ್ಟ ಕಪ್ಪೆ ಸಿಲುಯೆಟ್ ದ್ವೀಪವೊಂದಕ್ಕೇ ಸೀಮಿತ. ಸೇಶೆಲ್ಸ್‌ಗೆ ಸೇರಿದ ಆಲ್ದಾಬ್ರಾ ಹವಳದ್ವೀಪದ ದೈತ್ಯ ಆಮೆಯದು ತೊಡಕಿನ ಸಂಗತಿ. ದೇಶದ ಲೆಕ್ಕದಲ್ಲಿ ಅದು ಸೇಶೆಲ್ಸ್‌ನದೇ, ಆದರೆ ಅದೇ ದೇಶದ ಕ್ಯೂರಿಯೂಸ್ ದ್ವೀಪದಲ್ಲಿ ಜನ ತಂದು ಬಿಟ್ಟದ್ದು. ಅದಕ್ಕೆ ಬರೀ ‘ಸೀಮಿತ’ ಎಂದು ಬರೆದರೆ ಅರ್ಧ ಮಾತು.

ಯಾವ ಹಂತದಲ್ಲಿ ಸೀಮಿತ ಎಂಬುದನ್ನೂ ಬಿಡಬೇಡಿ. ಸೂಗ್ಲಾಸಸ್ ಕಪ್ಪೆ ಸೇರಿದ ಸೂಗ್ಲಾಸಿಡೇ ಇಡೀ ಕುಟುಂಬವೇ ಸೇಶೆಲ್ಸ್‌ಗೆ ಸೀಮಿತ. ಅದರ ಹತ್ತಿರದ ನೆಂಟ 2003ರಲ್ಲಿ ಕೇರಳದ ಇಡುಕ್ಕಿಯಿಂದ ವಿವರಿಸಲಾದ ನೇರಳೆ ಕಪ್ಪೆ. ಟಾಕಿಕ್ನೆಮಿಸ್ ಮರಗಪ್ಪೆಯಲ್ಲಿ ಕುಲ ಮಾತ್ರ ಸೀಮಿತ. ಅಂದಹಾಗೆ ‘ಜಾತಿ’ ಪದವನ್ನು ಕೆಲವರು ಜೀನಸ್‌ಗೆ, ಕೆಲವರು ಸ್ಪೀಶೀಸ್‌ಗೆ ಬಳಸುತ್ತಾರೆ. ಫ್ಯಾಮಿಲಿಗೆ ಕುಟುಂಬ, ಜೀನಸ್‌ಗೆ ಕುಲ, ಸ್ಪೀಶೀಸ್‌ಗೆ ಪ್ರಭೇದ ಎಂದಿಟ್ಟುಕೊಂಡರೆ ಗೊಂದಲವಿಲ್ಲ.

ಇಂಟ್ರೊಡ್ಯೂಸ್ಡ್‌ಗೆ ‘ಹೊರಗಿನಿಂದ ಬಂದ’ ಬೇಡ. ಟಾಕಿಕ್ನೆಮಿಸ್‌ನ ಪೂರ್ವಜರೂ ಮಡಗಾಸ್ಕರ್ ಕಡೆಯಿಂದ ಕಡಲು ದಾಟಿಯೇ ಬಂದವು, ಮನುಷ್ಯರ ನೆರವಿಲ್ಲದೆ. ‘ಜನರ ಮೂಲಕ ಬಂದ’ ಎನ್ನಿ. ‘ಆಕ್ರಮಣಕಾರಿ’ ಎಂಬುದು ಬೇರೆಯೇ: ಬಂದದ್ದು ಹರಡಿ ಹಾನಿ ಮಾಡಿದಾಗ ಮಾತ್ರ.

ಸಿಸಿಲಿಯನ್‌ಗೆ ‘ಕುರುಡು ಹಾವು’ ಖಂಡಿತ ಬೇಡ. ನಿಜವಾದ ಕುರುಡು ಹಾವು, ಇಂಡೋಟಿಫ್ಲಾಪ್ಸ್ ಬ್ರಾಮಿನಸ್, ಗಿಡದ ಕುಂಡಗಳ ಮಣ್ಣಿನೊಡನೆ ಸೇಶೆಲ್ಸ್‌ಗೂ ತಲುಪಿದೆ. ನಿಮ್ಮ ಪಟ್ಟಿಯಲ್ಲೇ ಇದ್ದೀತು. ಅದರ ಮೈ ಹೊಳೆಯುವ ಹುರುಪೆಗಳಿಂದ ಮುಚ್ಚಿರುತ್ತದೆ. ಸಿಸಿಲಿಯನ್ ಉಭಯವಾಸಿ: ತೇವದ ಚರ್ಮ, ಎರೆಹುಳುವಿನಂತೆ ಮೈಸುತ್ತ ಉಂಗುರಗಳು, ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಚಿಕ್ಕ ಸ್ಪರ್ಶಾಂಗ. ‘ಸಿಸಿಲಿಯನ್’ ಎಂದೇ ಇಟ್ಟು, ಮೊದಲ ಸಲ ಬಂದಲ್ಲಿ ‘ಕಾಲಿಲ್ಲದ ಉಭಯವಾಸಿ’ ಎಂದು ಸೇರಿಸಿದರಾಯಿತು. ಉಡುಪಿ ಜಿಲ್ಲೆಯಲ್ಲೂ ಸಿಗುವ ಜೆಜೆನಿಯೋಫಿಸ್ ಕುಲ ಸೇಶೆಲ್ಸ್‌ನ ಸಿಸಿಲಿಯನ್‌ಗಳ ಕುಟುಂಬದ್ದೇ. ಹಾಗಾಗಿ ಇಲ್ಲಿ ಯಾವ ಹೆಸರಿಡುತ್ತೀರೋ ಅದನ್ನೇ ಪಶ್ಚಿಮ ಘಟ್ಟದ ಪಟ್ಟಿಗೂ ಬಳಸಬಹುದು.