ಮರಿಯ ರಕ್ತದಲ್ಲಿ ತಾಯಿಯ ಪ್ರತಿಕಾಯ: ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮುಂಬೈ ಹತ್ತಿರದ ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ತಾಯಿಯಿಂದ ಮರಿಗೆ ಬರುವ ಪ್ರತಿಕಾಯಕ್ಕೆ (ಆಂಟಿಬಾಡಿ) ಒಂದು ಪದ ಬೇಕಾಗಿದೆ.

ನಮ್ಮ ಬಿಲ್ಡಿಂಗಿನ ಮೀಟರ್ ರೂಮಿನಲ್ಲಿ ಬೀದಿ ಬೆಕ್ಕೊಂದು ಮರಿ ಹಾಕಿತ್ತು. ಉಳಿದದ್ದು ಒಂದೇ ಮರಿ. ಅದನ್ನು ನಮ್ಮ ಅತ್ತೆ ಮನೆಗೆ ತಂದರು. ಅತ್ತೆ ಬೈಲಹೊಂಗಲದ ಕಡೆಯವರು, ಎಮ್ಮೆ ಆಕಳುಗಳ ನಡುವೆ ಬೆಳೆದವರು. ಮರಿಗೆ ಹತ್ತು ವಾರ ಆದಾಗ ಲಸಿಕೆ ಹಾಕಿಸಲು ಹೋದೆವು. ಮನೆಯಲ್ಲಿ ಇನ್ನೊಂದು ಬೆಕ್ಕು ಇದೆ ಅಂದಾಗ ಡಾಕ್ಟರು ರಕ್ತ ಪರೀಕ್ಷೆಯನ್ನೂ ಮಾಡೋಣ ಎಂದರು. ಕೆಲವೇ ಹನಿ ರಕ್ತ, ಅಂಗೈಯಷ್ಟು ಕಿಟ್, ಹತ್ತು ನಿಮಿಷ. ನೋಡಿದ್ದು ಬೆಕ್ಕುಗಳ ಎರಡು ವೈರಸ್ಸುಗಳನ್ನು: ರಕ್ತದ ಕ್ಯಾನ್ಸರ್ ತರಬಲ್ಲ ಎಫ್‌ಇಎಲ್‌ವಿ, ರೋಗನಿರೋಧಕ ಶಕ್ತಿ ಕುಂದಿಸುವ ಎಫ್‌ಐವಿ. ಎಫ್‌ಇಎಲ್‌ವಿ ನೆಗೆಟಿವ್, ಎಫ್‌ಐವಿ ಪಾಸಿಟಿವ್.

ನನ್ನ ಕೈಕಾಲು ತಣ್ಣಗಾಯಿತು. ಎಫ್‌ಐವಿಗೆ ಜನ ಬೆಕ್ಕಿನ ಏಡ್ಸ್ ಅನ್ನುತ್ತಾರೆ. ಆ ಹೆಸರೇ ಸರಿಯಿಲ್ಲ. ಅದು ಮನುಷ್ಯರಿಗೆ ಹರಡುವುದಿಲ್ಲ, ಬೆಕ್ಕುಗಳ ನಡುವೆಯೂ ಹೆಚ್ಚಾಗಿ ಕಚ್ಚಿದ ಗಾಯದಿಂದಲೇ ಹರಡುತ್ತದೆ. ಹೆಸರು ಕೇಳಿಯೇ ಎಷ್ಟೋ ಜನ ಬೆಕ್ಕನ್ನು ಹೊರಗೆ ಬಿಟ್ಟುಬಿಡುತ್ತಾರೆ.

ಡಾಕ್ಟರು ಮರಾಠಿಯಲ್ಲಿ ಸಮಾಧಾನದಿಂದ ವಿವರಿಸಿದರು. ಕಿಟ್ ಒಂದೇ, ಆದರೆ ಅದು ಎರಡು ಬೇರೆ ಬೇರೆ ವಸ್ತುಗಳನ್ನು ಹುಡುಕುತ್ತದೆ. ಎಫ್‌ಇಎಲ್‌ವಿಗೆ ಹುಡುಕುವುದು ವೈರಸ್ಸಿನದೇ ಪ್ರೋಟೀನನ್ನು. ಎಫ್‌ಐವಿಗೆ ಹುಡುಕುವುದು ವೈರಸ್ಸನ್ನಲ್ಲ, ವೈರಸ್ಸಿಗೆ ಎದುರಾಗಿ ಮೈ ತಯಾರಿಸಿದ ವಸ್ತುವನ್ನು. ಮರಾಠಿಯಲ್ಲಿ ಪ್ರತಿಪಿಂಡ, ನಮ್ಮಲ್ಲಿ ಪ್ರತಿಕಾಯ. ದೊಡ್ಡ ಬೆಕ್ಕಿನಲ್ಲಿ ಪ್ರತಿಕಾಯ ಸಿಕ್ಕರೆ ಸೋಂಕು ಇದೆ ಎಂದೇ ಎಣಿಕೆ, ಏಕೆಂದರೆ ಎಫ್‌ಐವಿ ಒಮ್ಮೆ ಹೊಕ್ಕರೆ ಮೈ ಬಿಟ್ಟು ಹೋಗುವುದಿಲ್ಲ. ಮರಿಯಲ್ಲಿ ಹಾಗಲ್ಲ. ತಾಯಿಗೆ ಸೋಂಕಿದ್ದರೆ ಅವಳ ಪ್ರತಿಕಾಯ ಮೊದಲ ಹಾಲಿನ ಜೊತೆ ಮರಿಗೆ ಬಂದಿರುತ್ತದೆ. ಮರಿಗೆ ವೈರಸ್ ತಗಲಿರುವುದು ಅಪರೂಪ. ಆರು ತಿಂಗಳು ತುಂಬಿದ ಮೇಲೆ ಮತ್ತೆ ನೋಡೋಣ, ತಾಯಿಯದು ಅಷ್ಟರಲ್ಲಿ ಕರಗಿರುತ್ತದೆ ಎಂದರು.

ಇದನ್ನು ಅತ್ತೆಗೆ ಕನ್ನಡದಲ್ಲಿ ಹೇಳಲು ಹೋಗಿ ಸಿಕ್ಕಿಬಿದ್ದೆ. ಅವರು ಕೇಳಿದ್ದು ಇಷ್ಟೇ: "ರಕ್ತ ಮರೀದು. ಅದ್ರಾಗ ಇರೋದು ತಾಯಿದು. ಹಂಗಾದ್ರ ರೋಗ ಯಾರಿಗೈತಿ?"

ಇಂಥ ಫಲಿತಾಂಶಕ್ಕೆ ನಾವು 'ಹುಸಿ ಪಾಸಿಟಿವ್' ಅಥವಾ 'ಸುಳ್ಳು ಪಾಸಿಟಿವ್' ಎಂದು ಬರೆಯುತ್ತೇವೆ. ನನಗೆ ಅದು ಒಪ್ಪಿಗೆಯಾಗುತ್ತಿಲ್ಲ. ಕಿಟ್ ಸುಳ್ಳು ಹೇಳಿಲ್ಲವಲ್ಲ! ಹುಡುಕು ಎಂದದ್ದನ್ನು ಹುಡುಕಿದೆ, ಅದು ನಿಜವಾಗಿಯೂ ರಕ್ತದಲ್ಲಿದೆ. ಅದು ಯಾರದು ಅನ್ನುವುದಷ್ಟೇ ಕಿಟ್ಟಿಗೆ ಗೊತ್ತಿಲ್ಲ. 'ಸುಳ್ಳು' ಎಂದರೆ ಜನ ಪರೀಕ್ಷೆಯನ್ನೇ ನಂಬುವುದಿಲ್ಲ, ಆರು ತಿಂಗಳ ನಂತರ ಮತ್ತೆ ಹೋಗುವುದೂ ಇಲ್ಲ.

ಪ್ರತಿಕಾಯ ಪದದ ಬಗ್ಗೆ ನನ್ನ ತಕರಾರಿಲ್ಲ. ಹಿಂದಿಯ ಪ್ರತಿರಕ್ಷಿಗಿಂತ ಇದೇ ಮೇಲು. 'ರಕ್ಷ' ಸೇರಿದರೆ ಅದು ಇದ್ದ ಮೇಲೆ ಬೆಕ್ಕು ಸುರಕ್ಷಿತ ಅನ್ನಿಸುತ್ತದೆ. ಎಫ್‌ಐವಿಯಲ್ಲಿ ಪ್ರತಿಕಾಯ ಇದ್ದೂ ವೈರಸ್ ಉಳಿದೇ ಇರುತ್ತದೆ. ನನಗೆ ಬೇಕಾಗಿರುವುದು ತಾಯಿಯಿಂದ ಬಂದ, ಕೆಲವು ತಿಂಗಳಷ್ಟೇ ಉಳಿಯುವ ಪ್ರತಿಕಾಯಕ್ಕೆ ಒಂದು ಹೆಸರು.

ಮೊದಲು 'ಬಳುವಳಿ' ಹೊಳೆಯಿತು. ಆದರೆ ತವರಿನ ಬಳುವಳಿ ಮಗಳ ಹತ್ತಿರವೇ ಉಳಿಯುತ್ತದೆ, ಕರಗುವುದಿಲ್ಲ. 'ಎರವಲು' ಎಂದರೆ ತಿರುಗಿ ಕೊಡಬೇಕು. ಮರಿ ತಾಯಿಗೆ ಏನನ್ನೂ ತಿರುಗಿ ಕೊಡುವುದಿಲ್ಲ.

ಅತ್ತೆಗೆ ಮೊದಲ ಹಾಲಿನ ಮಾತು ಕೇಳಿದ ಕೂಡಲೇ ಎಲ್ಲ ತಿಳಿಯಿತು. "ಗಿಣ್ಣದಾಗ ಬಂದೈತಿ ಅನ್ನು ಮತ್ತ" ಎಂದರು. ಕರು ಹುಟ್ಟಿದ ಕೂಡಲೇ ಗಿಣ್ಣದ ಹಾಲು ಕುಡಿಯಲೇಬೇಕು, ಇಲ್ಲದಿದ್ದರೆ ಕರು ಗಟ್ಟಿಯಾಗುವುದಿಲ್ಲ ಎಂಬುದು ಅವರಿಗೆ ಚಿಕ್ಕಂದಿನಿಂದ ಗೊತ್ತು. ಪುಸ್ತಕ ಹೇಳುವುದೂ ಅದನ್ನೇ ಅಲ್ವಾ? ಕರುವಿಗಾಗಲಿ ಬೆಕ್ಕಿನ ಮರಿಗಾಗಲಿ ತಾಯಿಯ ಪ್ರತಿಕಾಯ ಬಹುಪಾಲು ಸಿಗುವುದು ಆ ಹಾಲಿನಿಂದಲೇ, ಅದೂ ಹುಟ್ಟಿದ ಮೊದಲ ದಿನದಲ್ಲಿ. ಮರಾಠಿಯಲ್ಲಿ ಈ ಹಾಲಿಗೆ ಚೀಕ್ ಅನ್ನುತ್ತಾರೆ, ಅದರಿಂದ ಮಾಡುವ ಖರ್ವಸ್ ಇಲ್ಲಿ ಎಲ್ಲರಿಗೂ ಇಷ್ಟ. ಹಾಗಾಗಿ 'ಗಿಣ್ಣಿನ ಪ್ರತಿಕಾಯ' ಎಂದರೆ ಇಲ್ಲಿಯ ಕನ್ನಡಿಗರಿಗೆ ಸುಲಭವಾಗಿ ತಿಳಿದೀತು.

ಅತ್ತೆ ಇನ್ನೊಂದು ಪದವನ್ನೂ ಕೊಟ್ಟರು: ಬುತ್ತಿ. ಕಟ್ಟಿಕೊಟ್ಟ ಬುತ್ತಿ ಎಷ್ಟು ದಿನ ಬಂದೀತು ಅಂತ ಗಾದೆಯೇ ಇದೆ. ತಾಯಿ ಕಟ್ಟಿದ್ದು, ಮಗುವಿನ ಹತ್ತಿರ ಇರುವುದು, ದಾರಿಯಲ್ಲೇ ಮುಗಿಯುವುದು. ಮೂರೂ ಹೊಂದುತ್ತವೆ. 'ತಾಯಿಬುತ್ತಿ' ಎಂದು ಹೇಳಿ ನೋಡಿದೆ, ಬಾಯಿಗೆ ಚೆನ್ನಾಗಿದೆ. ಆದರೆ ಲ್ಯಾಬ್ ರಿಪೋರ್ಟಿನ ಕೆಳಗೆ ಬರೆಯಲು ಆಗುತ್ತದಾ?

ಹಾಗಾಗಿ ನನ್ನ ಪ್ರಶ್ನೆಗಳು ಎರಡು. ಗಿಣ್ಣು ಎಂಬ ಪದವನ್ನು ನಾನು ಆಕಳು ಎಮ್ಮೆಗಳಿಗೆ ಮಾತ್ರ ಕೇಳಿದ್ದೇನೆ. ನಿಮ್ಮ ಕಡೆ ಬೆಕ್ಕು, ನಾಯಿ, ಆಡಿನ ಮೊದಲ ಹಾಲಿಗೂ ಹಾಗೇ ಅನ್ನುತ್ತಾರಾ, ಇಲ್ಲಾ ಬೇರೆ ಮಾತಿದೆಯಾ? ತುಳು ಮನೆಮಾತಿನವರೂ ಹೇಳಿ. ಎರಡನೆಯದು, 'ಹುಸಿ ಪಾಸಿಟಿವ್' ಬಿಟ್ಟು "ತಾಯಿಯ ಪ್ರತಿಕಾಯ ಇರಬಹುದು, ಆರು ತಿಂಗಳ ನಂತರ ಮತ್ತೆ ನೋಡಿ" ಎಂಬುದನ್ನು ಒಂದೇ ಪದದಲ್ಲಿ ಹೇಳುವುದು ಹೇಗೆ? ಮರಿಗೆ ಆರು ತಿಂಗಳು ತುಂಬುವುದರೊಳಗೆ ಸಿಕ್ಕರೆ ಅದರ ಫೈಲಿನಲ್ಲಿ ಅದನ್ನೇ ಬರೆದಿಡುತ್ತೇನೆ.