ಸಹಾಯ ಬೇಕು: ಪುಣೆಯಲ್ಲಿ ಕನ್ನಡ ಬಲ್ಲ ಲೇಡಿ ಫಿಸಿಯೋ

ಕೋಥ್ರೂಡ್ ಕಡೆಯ ನಮ್ಮ ಹೆಂಗಸರ ಬ್ಯಾಚಿಗೆ ಒಂದು ತಾಸು ಬಂದು ಮಾತಾಡುವವರು ಬೇಕು. ವಿಷಯ, ಹೊಟ್ಟೆಯ ವ್ಯಾಯಾಮ ಮಾಡುವಾಗ ಬೇಡವೆಂದರೂ ಆಗುವ ಕಾಮೋದ್ರೇಕ. ನಾಚಿಕೊಂಡು ಕ್ಲಾಸನ್ನೇ ಬಿಡುತ್ತಾರೆ ಪಾಪ. ಇದು ರೋಗವಲ್ಲ, ಮನಸ್ಸಿನಲ್ಲಿ ಏನೋ ಇದ್ದದ್ದಕ್ಕೂ ಅಲ್ಲ. ಲೈಂಗಿಕತೆಯ ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಕಿನ್ಸಿ ಇದನ್ನು 1953ರಲ್ಲೇ ದಾಖಲಿಸಿದ್ದ.

ಬಾರಿಗೆ ಜೋತುಬಿದ್ದು ಕಾಲೆತ್ತುವಾಗ ಹೆಚ್ಚು. ಹೊಟ್ಟೆ ಸೋತು, ಉಸಿರು ಹಿಡಿದು, ತೊಡೆ ಒತ್ತಿಕೊಂಡರೆ ಶ್ರೋಣಿತಳದ (ಪೆಲ್ವಿಕ್ ಫ್ಲೋರ್, ಕಿಬ್ಬೊಟ್ಟೆಯ ತಳದ) ಸ್ನಾಯುಗಳೂ ಬಿಗಿಯುತ್ತವೆ. 15–20 ಸಲದ ಬದಲು 8ಕ್ಕೆ ನಿಲ್ಲಿಸಿ, ಕಾಲೆತ್ತುವಾಗ ಉಸಿರು ಬಿಟ್ಟು ನೋಡಬಹುದು; ಆಗಲೂ ಬಂದರೆ ಆ ದಿನ ಬೇರೆ ವ್ಯಾಯಾಮ. ನೋವಿದ್ದರೆ, ಮೂತ್ರ ಸೋರಿದರೆ, ಉದ್ರೇಕ ಗಂಟೆಗಟ್ಟಲೆ ಇಳಿಯದಿದ್ದರೆ ಮಾತ್ರ ಡಾಕ್ಟರು.

ಭಾನುವಾರ ಬೆಳಿಗ್ಗೆ, ಫೀ ಕೊಡುತ್ತೇವೆ. ಬರೀ ಕೆಗೆಲ್ (ಆ ಸ್ನಾಯುಗಳನ್ನು ಬಿಗಿಹಿಡಿಯುವ ವ್ಯಾಯಾಮ) ಹೇಳಿಕೊಡುವವರು ಬೇಡ, ಸ್ನಾಯು ಸಡಿಲಿಸುವುದನ್ನು ಕಲಿಸುವವರು ಬೇಕು. ಗೊತ್ತಿದ್ದವರು ಮೆಸೇಜ್ ಹಾಕಿ.