ಹಾರ್ಡ್ ಡಿಸ್ಕ್‌ನಿಂದ ಎಸ್‌ಎಸ್‌ಡಿಗೆ ವಿಂಡೋಸ್ ಸಾಗಿಸೋದು: ಕಾಪಿ-ಪೇಸ್ಟ್ ಸಾಕಾ?

ಪ್ರಶ್ನೆ: ನಮಸ್ಕಾರ ಸರ್. ನನ್ನ ಲ್ಯಾಪ್‌ಟಾಪ್‌ನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್ ಇದೆ, ವಿಂಡೋಸ್ 11. ಏನೂ ಓಪನ್ ಮಾಡದೆ ಸುಮ್ಮನಿದ್ದರೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತಲೇ ತೋರಿಸುತ್ತೆ. 500 ಜಿಬಿಯ ಸಾಟಾ ಎಸ್‌ಎಸ್‌ಡಿ ತಂದಿಟ್ಟಿದ್ದೇನೆ. ಡಿಸ್ಕ್‌ನಲ್ಲಿ ತುಂಬಿರೋದು 290 ಜಿಬಿ. ಸಿ ಡ್ರೈವ್ ಪೂರ್ತಿ ಸೆಲೆಕ್ಟ್ ಮಾಡಿ ಹೊಸದಕ್ಕೆ ಪೇಸ್ಟ್ ಮಾಡಿದರೆ ಆಗುತ್ತಾ? ಕೆಲಸದ ಸಾಫ್ಟ್‌ವೇರ್ ಬಹಳ ಇವೆ, ಎಲ್ಲ ಮತ್ತೆ ಇನ್‌ಸ್ಟಾಲ್ ಮಾಡೋ ತಾಳ್ಮೆ ಇಲ್ಲ.

ಉತ್ತರ: ಆಗಲ್ಲ ಸರ್. ಫೋಟೋ, ಫೈಲುಗಳು ಕಾಪಿ ಆಗುತ್ತವೆ, ಆದರೆ ವಿಂಡೋಸ್ ಬೂಟ್ ಆಗಲ್ಲ, ಅಂದರೆ ಶುರುವಾಗಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು ನೋಡಿ. ಸಿ ಡ್ರೈವ್‌ಗಿಂತ ಮೊದಲು 100 ಎಂಬಿಯೋ 260 ಎಂಬಿಯೋ ಇರುವ, ಅಕ್ಷರವೇ ಇಲ್ಲದ ಒಂದು ಪುಟ್ಟ ಪಾರ್ಟಿಷನ್ (ಡಿಸ್ಕ್‌ನ ಭಾಗ) ಕಾಣುತ್ತೆ. ಅದು ಇಎಫ್‌ಐ ಪಾರ್ಟಿಷನ್. ಪವರ್ ಒತ್ತಿದ ಕೂಡಲೇ ಮದರ್‌ಬೋರ್ಡ್ ಹುಡುಕೋದು ಸಿ ಡ್ರೈವನ್ನಲ್ಲ, ಇದನ್ನ. ಇದರೊಳಗಿನ ಬೂಟ್ ಮ್ಯಾನೇಜರ್ 'ವಿಂಡೋಸ್ ಇರೋದು ಇಂಥ ಡಿಸ್ಕ್‌ನ ಇಂಥ ಪಾರ್ಟಿಷನ್‌ನಲ್ಲಿ' ಅಂತ ದಾರಿ ತೋರಿಸಿದ ಮೇಲೆಯೇ ಮುಂದಿನದು. ಅದೂ ಅಲ್ಲದೆ ಓಡುತ್ತಿರುವ ವಿಂಡೋಸ್ ತನ್ನ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿ ಫೈಲುಗಳನ್ನು ಕಾಪಿ ಮಾಡೋಕೆ ಬಿಡೋದೇ ಇಲ್ಲ.

ನಿಮಗೆ ಬೇಕಿರೋದು ಕ್ಲೋನಿಂಗ್, ಅಂದರೆ ಇಡೀ ಡಿಸ್ಕನ್ನು ಪಾರ್ಟಿಷನ್ ಸಮೇತ ಹಾಗೇ ನಕಲು ಮಾಡೋದು. ನಿಮ್ಮ ಎಸ್‌ಎಸ್‌ಡಿ ಕಂಪನಿಯವರೇ ಉಚಿತ ಕ್ಲೋನಿಂಗ್ ಸಾಫ್ಟ್‌ವೇರ್ ಕೊಡುತ್ತಾರಾ ಅಂತ ಮೊದಲು ಅವರ ಸೈಟಿನಲ್ಲಿ ನೋಡಿ, ಹಲವರು ಕೊಡುತ್ತಾರೆ. ಇಲ್ಲದಿದ್ದರೆ ಕ್ಲೋನ್‌ಜಿಲ್ಲಾ ಇದೆ, ಪೂರ್ತಿ ಉಚಿತ. ಆದರೆ ಅದಕ್ಕೊಂದು ಹಟ: ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು ಅನ್ನುತ್ತೆ. ನಿಮ್ಮದು 1 ಟಿಬಿಯಿಂದ 500 ಜಿಬಿಗೆ ಇಳಿಯೋದು, ಹಾಗಾಗಿ ಪಾರ್ಟಿಷನ್ ಅಳತೆ ತಾನೇ ಹೊಂದಿಸಿಕೊಳ್ಳುವ ಸಾಫ್ಟ್‌ವೇರ್ ನಿಮಗೆ ಸುಲಭ. 290 ಜಿಬಿ ಆರಾಮಾಗಿ ಹಿಡಿಸುತ್ತೆ. ಎಸ್‌ಎಸ್‌ಡಿಯನ್ನು ಸಾಟಾ-ಯುಎಸ್‌ಬಿ ಕೇಬಲ್‌ಗೆ ಹಾಕಿ ಕ್ಲೋನ್ ಮಾಡಿ, ಆಮೇಲೆ ಹಳೆಯದನ್ನು ಬಿಚ್ಚಿ ಅದೇ ಜಾಗಕ್ಕೆ ಇದನ್ನು ಕೂರಿಸಿ. ಸಿ ಒಂದನ್ನೇ ಟಿಕ್ ಮಾಡಬೇಡಿ, ಡಿಸ್ಕ್‌ನ ಎಲ್ಲ ಪಾರ್ಟಿಷನ್ ಹೋಗಲಿ. ಯಾವುದರಿಂದ ಯಾವುದಕ್ಕೆ ಅನ್ನೋದನ್ನು ಮಾಡೆಲ್ ಹೆಸರು ಓದಿ ಖಚಿತ ಮಾಡಿಕೊಳ್ಳಿ. ಉಲ್ಟಾ ಆದರೆ ಖಾಲಿ ಡಿಸ್ಕ್ ನಿಮ್ಮ ಡೇಟಾ ಮೇಲೆ ಕೂರುತ್ತೆ, ದೇವರೇ ಬಂದರೂ ವಾಪಸ್ ಬರಲ್ಲ.

ಇದಕ್ಕೆಲ್ಲ ಮುಂಚೆ ಎರಡು ಕೆಲಸ. ಒಂದು, ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕ್‌ನ ಡೇಟಾಗೆ ವಿಂಡೋಸ್ ಹಾಕುವ ಬೀಗ) ಆನ್ ಇದೆಯಾ ನೋಡಿ. ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಂಡು, ಎನ್‌ಕ್ರಿಪ್ಷನ್ ಆಫ್ ಮಾಡಿ, ಪೂರ್ತಿ ಮುಗಿಯೋವರೆಗೂ ಕಾಯಿರಿ. ಎರಡನೆಯದು ಹಳೇ ಡಿಸ್ಕ್‌ನ ಆರೋಗ್ಯ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನೋ ಸಾಫ್ಟ್‌ವೇರ್ ಹಾಕಿ ನೋಡಿ. ಹಳದಿ ಬಣ್ಣದಲ್ಲಿ ಎಚ್ಚರಿಕೆ ಕಂಡರೆ ಇಲ್ಲಿಗೆ ನಿಲ್ಲಿಸಿ, ನನಗೆ ಹೇಳಿ.

ಅದೇ ಸದಸ್ಯರು: ನೋಡಿದೆ ಸರ್. ಹಳದಿಯೇ ಇದೆ! 'ಕರೆಂಟ್ ಪೆಂಡಿಂಗ್ ಸೆಕ್ಟರ್' ಅನ್ನೋ ಸಾಲಿನಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಇದೆ. ವಿಂಡೋಸ್‌ನ ಚೆಕ್‌ಡಿಸ್ಕ್ ತಪಾಸಣೆ ಓಡಿಸಿ ಸರಿ ಮಾಡಿಕೊಂಡು ಕ್ಲೋನ್ ಮಾಡಲಾ?

ಉತ್ತರ: ಬೇಡ, ಬೇಡ. ಪೆಂಡಿಂಗ್ ಅಂದರೆ ಓದೋಕೆ ಆಗದೆ ಉಳಿದ ಸೆಕ್ಟರ್‌ಗಳು, ಅಂದರೆ ಡಿಸ್ಕ್‌ನ ಪುಟ್ಟ ಪುಟ್ಟ ಜಾಗಗಳು. 100% ತೋರಿಸ್ತಾ ಇರೋದಕ್ಕೆ ಅದೂ ಒಂದು ಕಾರಣ ಇರಬಹುದು, ಅದೇ ಜಾಗವನ್ನು ಡಿಸ್ಕ್ ಮತ್ತೆ ಮತ್ತೆ ಓದೋಕೆ ಹೆಣಗುತ್ತೆ. ಅಂಥ ಡಿಸ್ಕ್ ಮೇಲೆ ಚೆಕ್‌ಡಿಸ್ಕ್‌ನ ಪೂರ್ತಿ ಸೆಕ್ಟರ್ ತಪಾಸಣೆ ಹಚ್ಚಿದರೆ ಗಂಟೆಗಟ್ಟಲೆ ಅದನ್ನು ದುಡಿಸಿದ ಹಾಗೆ, ಕೊನೇ ಉಸಿರು ಅದರಲ್ಲೇ ಹೋಗಬಹುದು. ಇವತ್ತೇ ಫೋಟೋ, ಕೆಲಸದ ಫೈಲು, ಬ್ರೌಸರ್ ಪಾಸ್‌ವರ್ಡ್ ಎಲ್ಲ ಬೇರೆ ಕಡೆ ತೆಗೆದಿಡಿ. ಅದಾದ ಮೇಲೆ ಬೇಕಿದ್ದರೆ ಒಂದು ಸಲ ಕ್ಲೋನ್ ಪ್ರಯತ್ನಿಸಿ. ನಡುವೆ ರೀಡ್ ಎರರ್ ಅಂತ ನಿಂತರೆ ಹಟ ಮಾಡದೆ ಎಸ್‌ಎಸ್‌ಡಿಗೆ ಹೊಸದಾಗಿ ವಿಂಡೋಸ್ ಹಾಕಿ. ಕೆಟ್ಟ ಸೆಕ್ಟರ್‌ಗಳನ್ನು ಹಾರಿಸಿ ಕ್ಲೋನ್ ಮಾಡುವ ಆಯ್ಕೆಯೂ ಇರುತ್ತೆ. ಆದರೆ ಹಾರಿಸಿದ್ದು ಸಿಸ್ಟಮ್ ಫೈಲೋ ನಿಮ್ಮ ಎಕ್ಸೆಲ್ ಶೀಟೋ ಯಾರಿಗೆ ಗೊತ್ತು? ತಿಂಗಳು ಬಿಟ್ಟು ತಲೆನೋವು ಶುರುವಾಗುತ್ತೆ.

ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡ್‌ಗೆ ಅಂಟಿಕೊಂಡಿರುತ್ತೆ. ಡಿಸ್ಕ್ ಬದಲಿಸಿ ಅದೇ ಎಡಿಷನ್ ಹಾಕಿ ಇಂಟರ್ನೆಟ್ ಕೊಟ್ಟರೆ ಸಾಮಾನ್ಯವಾಗಿ ತಾನೇ ಆಕ್ಟಿವೇಟ್ ಆಗುತ್ತೆ.

ಇನ್ನೊಬ್ಬ ಸದಸ್ಯರು: ಸರ್, ನಂದು ಡೆಸ್ಕ್‌ಟಾಪ್. ಕ್ಲೋನ್ ಸಕ್ಸಸ್ ಅಂತ ಬಂತು, ಎರಡೂ ಡಿಸ್ಕ್ ಒಳಗೇ ಇವೆ. ಸ್ಪೀಡ್ ಮಾತ್ರ ಎಳ್ಳಷ್ಟೂ ವ್ಯತ್ಯಾಸ ಇಲ್ಲ. ಎಸ್‌ಎಸ್‌ಡಿ ಡೂಪ್ಲಿಕೇಟಾ?

ಉತ್ತರ: ಎಸ್‌ಎಸ್‌ಡಿಯನ್ನು ಬೈಯುವ ಮೊದಲು ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಅಂತ ಇರುವ ಪಾರ್ಟಿಷನ್ ಯಾವ ಡಿಸ್ಕ್‌ನ ಸಾಲಿನಲ್ಲಿದೆ ನೋಡಿ, ಅದರೊಳಗೆ 'ಬೂಟ್' ಅಂತ ಬರೆದಿರುತ್ತೆ. ಹಳೇ ಡಿಸ್ಕ್‌ನ ಸಾಲಿನಲ್ಲಿದ್ದರೆ ನೀವು ಇನ್ನೂ ಅದರ ಮೇಲೆಯೇ ಓಡಿಸ್ತಾ ಇದ್ದೀರಿ. ನನ್ನ ಹತ್ತಿರ ಬರುವ 'ಎಸ್‌ಎಸ್‌ಡಿ ಹಾಕಿದರೂ ಸ್ಲೋ' ದೂರುಗಳಲ್ಲಿ ಇದು ಮಾಮೂಲಿ.

ಮಷಿನ್ ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಹಳೇ ಡಿಸ್ಕ್‌ನ ಸಾಟಾ ಕೇಬಲ್ ತೆಗೆದು ಆನ್ ಮಾಡಿ. ಬೂಟ್ ಆದರೆ ಎಸ್‌ಎಸ್‌ಡಿಗೆ ಎಲ್ಲವೂ ಬಂದಿದೆ ಅಂತ ಅರ್ಥ, ಬಯೋಸ್‌ನಲ್ಲಿ (ಮದರ್‌ಬೋರ್ಡ್‌ನ ಸೆಟ್ಟಿಂಗ್ ಪರದೆ) ಬೂಟ್ ಆರ್ಡರ್‌ನ ತುದಿಯಲ್ಲಿ ಅದನ್ನಿಟ್ಟರೆ ಮುಗೀತು. ಬೂಟ್ ಆಗದಿದ್ದರೆ ಇಎಫ್‌ಐ ಪಾರ್ಟಿಷನ್ ಹೋಗಿಲ್ಲ ಅಥವಾ ಸರಿಯಾಗಿ ಬರೆದಿಲ್ಲ. ಆಗ ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಬಿಸಿಡಿಬೂಟ್ ಕಮಾಂಡ್ ಕೊಟ್ಟು ಬೂಟ್ ಫೈಲುಗಳನ್ನು ಹೊಸದಾಗಿ ಬರೆಸಬೇಕು. ಈ ಪರೀಕ್ಷೆ ಮಾಡದೆ ಹಳೇ ಡಿಸ್ಕ್ ಫಾರ್ಮ್ಯಾಟ್ ಮಾಡಲೇಬೇಡಿ. ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಬೂಟ್ ಮ್ಯಾನೇಜರ್ ಹಳೇದರಲ್ಲಿ ಅನ್ನೋ ಸ್ಥಿತಿಯೂ ಇರುತ್ತೆ. ಅಂಥದ್ದರಲ್ಲಿ ಹಳೇದನ್ನು ಅಳಿಸಿದರೆ ಎರಡೂ ಕೈಬಿಟ್ಟ ಹಾಗೆ.

ಮತ್ತೊಬ್ಬರು: ಮೇಡಂ ಒಬ್ಬರು ಎನ್‌ವಿಎಂಇ ತಗೋ, ಸಾಟಾ ಯಾಕೆ ಅಂದರು. ಎಂ.2 ಸ್ಲಾಟ್ ಇದ್ದರೆ ಯಾವುದಾದರೂ ಕೂರುತ್ತಾ?

ಉತ್ತರ: ಕೂರೋದೇ ಬೇರೆ, ಕೆಲಸ ಮಾಡೋದೇ ಬೇರೆ. ಎಂ.2 ಅನ್ನೋದು ಆಕಾರ ಮಾತ್ರ. ಸಾಟಾ, ಎನ್‌ವಿಎಂಇ ಅನ್ನೋದು ಎಸ್‌ಎಸ್‌ಡಿ ಕಂಪ್ಯೂಟರ್ ಜೊತೆ ಮಾತಾಡುವ ಎರಡು ರೀತಿ. ಕೆಲವು ಸ್ಲಾಟ್ ಸಾಟಾಗೆ, ಕೆಲವು ಎನ್‌ವಿಎಂಇಗೆ, ಕೆಲವು ಎರಡಕ್ಕೂ. ಮ್ಯಾನುಯಲ್ ನೋಡಿ ತಗೊಳ್ಳಿ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಮೂರನೇ ಪೀಳಿಗೆಯ ಪಿಸಿಐಇ ಎನ್‌ವಿಎಂಇ 3,500ರವರೆಗೂ ಹೋಗುತ್ತೆ. ಆದರೂ ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಆಗುವ ಖುಷಿ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗಲ್ಲ. ವಿಂಡೋಸ್ ಓದೋದು ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಸಣ್ಣ ಫೈಲುಗಳನ್ನ. ಹಾರ್ಡ್ ಡಿಸ್ಕ್‌ನ ಹೆಡ್ ಪ್ರತಿಯೊಂದಕ್ಕೂ ಓಡಾಡಿ 10 ಮಿಲಿಸೆಕೆಂಡ್ ಆಸುಪಾಸು ತಿನ್ನುತ್ತೆ. ಯಾವ ಎಸ್‌ಎಸ್‌ಡಿಯಾದರೂ ಆ ಓಡಾಟವೇ ಇಲ್ಲ.

ಎನ್‌ವಿಎಂಇಗೆ ಕ್ಲೋನ್ ಮಾಡಿದ ಮೇಲೆ 'ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್' ಅಂತ ನೀಲಿ ಪರದೆ ಬಂದರೆ ಒಂದು ಸಲ ಸೇಫ್ ಮೋಡ್‌ಗೆ ಹೋಗಿ ಬನ್ನಿ, ಬಹಳ ಸಲ ಡ್ರೈವರ್ ಲೋಡ್ ಆಗಿ ಸರಿಹೋಗುತ್ತೆ. ಬಯೋಸ್‌ನಲ್ಲಿ ಎಎಚ್‌ಸಿಐ, ರೇಡ್ ಅನ್ನೋ ಡಿಸ್ಕ್ ಸೆಟ್ಟಿಂಗ್ ಮುಂಚೆ ಹೇಗಿತ್ತೋ ಹಾಗೇ ಇರಲಿ.

ಮೊದಲು ಕೇಳಿದ ಸದಸ್ಯರು: ಫೈಲೆಲ್ಲ ತೆಗೆದಿಟ್ಟೆ ಸರ್, ಕ್ಲೋನ್ ಅರ್ಧಕ್ಕೇ ನಿಂತಿತು. ಹೊಸದಾಗಿಯೇ ಹಾಕಿದೆ, ಆಕ್ಟಿವೇಟ್ ಆಗಿದೆ. ಎಸ್‌ಎಸ್‌ಡಿಗೆ ಡಿಫ್ರಾಗ್ (ಚದುರಿದ ಫೈಲು ತುಣುಕುಗಳನ್ನು ಒಟ್ಟುಗೂಡಿಸೋದು) ಮಾಡಬಾರದು ಅಂತಾರಲ್ಲ, ವಿಂಡೋಸ್‌ನಲ್ಲಿ ವಾರಕ್ಕೊಮ್ಮೆ ಆಪ್ಟಿಮೈಜ್ ಅಂತ ಇದೆ. ಆಫ್ ಮಾಡಲಾ?

ಉತ್ತರ: ಒಳ್ಳೇದಾಯ್ತು. ಅದನ್ನು ಆಫ್ ಮಾಡಬೇಡಿ. ಆ ವಿಂಡೋದಲ್ಲಿ ನಿಮ್ಮ ಡ್ರೈವ್ ಮುಂದೆ 'ಸಾಲಿಡ್ ಸ್ಟೇಟ್ ಡ್ರೈವ್' ಅಂತ ಬರೆದಿದೆಯಾ ನೋಡಿ. ಹಾಗಿದ್ದರೆ ಅದು ಮುಖ್ಯವಾಗಿ ಮಾಡೋದು ಟ್ರಿಮ್, ಅಂದರೆ ಅಳಿಸಿದ ಫೈಲುಗಳ ಜಾಗ ಖಾಲಿಯಾಗಿದೆ ಅಂತ ಎಸ್‌ಎಸ್‌ಡಿಗೆ ತಿಳಿಸೋದು. ಇನ್ನು, ಆ ಕೆಟ್ಟ ಸೆಕ್ಟರ್‌ಗಳಿರುವ ಹಳೇ ಡಿಸ್ಕನ್ನು ಬ್ಯಾಕಪ್‌ಗೆ ಬಳಸೋ ಆಲೋಚನೆ ಇದ್ದರೆ ಅದನ್ನು ಬಿಟ್ಟುಬಿಡಿ.